ಒಲೆ ಮೇಸ್ತ್ರಿಯ ಹೆಬ್ಬೆರಳು

ನಮ್ಮ ತಾಳೆ ಎಣ್ಣೆ ಗಿರಣಿಯ ಚರಿತ್ರೆಯನ್ನು ಯಾರಾದರೂ ಬರೆಯಲು ಕೂತರೆ, ಅಡಿಗಲ್ಲು ಹಾಕಿದ ದಿನದಿಂದ ಶುರು ಮಾಡಬಾರದು. ಮೊದಲ ಹನಿ ಎಣ್ಣೆ ಬಿದ್ದ ದಿನದಿಂದಲೂ ಬೇಡ. ಮ್ಯಾನೇಜರರ ತಿಳಿಬೂದು ಪ್ಯಾಂಟಿನ ಹಿಂಭಾಗದಲ್ಲಿ ಅಂಗೈಯಗಲದ ಎಣ್ಣೆಕಲೆಯೊಂದು ಕಾಣಿಸಿಕೊಂಡ ಆ ಬುಧವಾರದಿಂದ ಶುರು ಮಾಡಬೇಕು. ಅದನ್ನು ಮೊದಲು ಕಂಡವಳು ಟೈಪಿಸ್ಟ್. ಎರಡನೆಯವನು ಗೇಟಿನ ಕಾವಲುಗಾರ. ಮೂರನೆಯವಳು ನಾನು. ಮಧ್ಯಾಹ್ನದ ಸೈರನ್ ಕೂಗುವ ಹೊತ್ತಿಗೆ ಗಿರಣಿಯ ಇನ್ನೂರ ಹತ್ತು ಜನಕ್ಕೂ ವಿಷಯ ಗೊತ್ತಾಗಿತ್ತು. ಗೊತ್ತಿಲ್ಲದಿದ್ದವರು ಒಬ್ಬರೇ, ಅದನ್ನು ಹೊತ್ತು ತಿರುಗುತ್ತಿದ್ದವರು.

ಕಲೆ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ನನ್ನ ಸೋದರಮಾವನ ಹೆಬ್ಬೆರಳಿನ ವಿಷಯ ಮೊದಲು ಹೇಳಬೇಕು.

ಆಗ ನನಗೆ ಇಪ್ಪತ್ತಮೂರು. ಗಿರಣಿಯ ಪ್ರಯೋಗಾಲಯದಲ್ಲಿ ಕೆಲಸ. ಪ್ರಯೋಗಾಲಯವೆಂದರೆ ಒಂದು ಕೋಣೆ, ಒಂದು ತಕ್ಕಡಿ, ಒಂದಿಷ್ಟು ಗಾಜು, ಬಾಗಿಲಿಗೆ ತೂಗು ಹಾಕಿದ ‘ಒಳಗೆ ಬರಬೇಡಿ’ ಎಂಬ ಹಲಗೆ. ಆ ಹಲಗೆಯನ್ನು ಓದಿಕೊಂಡೇ ಎಲ್ಲರೂ ಒಳಗೆ ಬರುತ್ತಿದ್ದರು, ಏಕೆಂದರೆ ಗಿರಣಿಯಲ್ಲಿ ಫ್ಯಾನು ಇದ್ದ ಕೋಣೆಗಳು ಎರಡೇ, ಇನ್ನೊಂದು ಮ್ಯಾನೇಜರರದು. ಯಾವುದರಲ್ಲಿ ಎಷ್ಟು ಎಣ್ಣೆ ಉಳಿದಿದೆ ಎಂದು ಕಂಡುಹಿಡಿಯುವುದು ನನ್ನ ಕೆಲಸ. ಹಣ್ಣಿನಲ್ಲಿ ಎಷ್ಟು, ಹಿಂಡಿಯಲ್ಲಿ ಎಷ್ಟು, ಹಿಂದಿನ ಕೊಳಕ್ಕೆ ಹರಿಯುವ ಕೊಚ್ಚೆಯಲ್ಲಿ ಎಷ್ಟು. ಮಾವ ನನ್ನನ್ನು ‘ಪರೀಕ್ಷೆಯಮ್ಮ’ ಎಂದು ಕರೆಯುತ್ತಿದ್ದ. ನಾನು ಸುಮ್ಮನೆ ಕೂತಿದ್ದರೆ, “ಏನೇ ಪರೀಕ್ಷೆಯಮ್ಮ, ಇವತ್ತು ಯಾರೂ ಫೇಲಾಗಲಿಲ್ವಾ?” ಎಂದು ಕಿಟಕಿಯಿಂದ ಕೇಳಿಕೊಂಡು ಹೋಗುತ್ತಿದ್ದ.

ಕಿಟಕಿಯ ಆಚೆ ಅವನ ರಾಜ್ಯ. ಲಾರಿಗಳಲ್ಲಿ ಬರುತ್ತಿದ್ದ ತಾಳೆಗೊನೆಗಳು ಒಂದೊಂದೂ ಮಲಗಿದ ಕುರಿಯಷ್ಟು ದಪ್ಪ, ಮೈತುಂಬ ಕೆಂಪು ಹಣ್ಣು. ಹಬೆಯಲ್ಲಿ ಬೇಯಿಸಿ ದೊಡ್ಡ ಪೀಪಾಯಿಯೊಳಗೆ ಉರುಳಿಸಿದರೆ ಹಣ್ಣು ಉದುರಿ ಒಂದು ಕಡೆ ಹೋಗುತ್ತಿತ್ತು, ಹಣ್ಣು ಕಳಕೊಂಡ ಗೊನೆ ಇನ್ನೊಂದು ಕಡೆ. ಹಣ್ಣಿಗೆ ಮುಂದೆ ಮರ್ಯಾದೆಯ ಬದುಕಿತ್ತು. ಗೊನೆಯನ್ನು ನಾವು ‘ಬೋಳಿ’ ಎನ್ನುತ್ತಿರಲಿಲ್ಲ, ಅದು ಬೈಗುಳವಾಗುತ್ತದೆಂದು ‘ಬೋಳುಗೊನೆ’ ಎನ್ನುತ್ತಿದ್ದೆವು. ನೂರು ಕಿಲೋ ಗೊನೆಗೆ ಇಪ್ಪತ್ತೆರಡು ಕಿಲೋ ಬೋಳುಗೊನೆ. ಅದಷ್ಟೂ ಓಡುವ ರಬ್ಬರ್ ಪಟ್ಟಿಯ ಮೇಲೆ ಸಾಗಿ ಮಾವನ ಅಂಗಳಕ್ಕೆ ಬೀಳುತ್ತಿತ್ತು. ಅಂಗಳದ ತುದಿಯಲ್ಲಿ ಇಟ್ಟಿಗೆಯ ದೊಡ್ಡ ಒಲೆ, ಅದರ ಮೇಲೆ ಚಿಮಣಿ. ಮಾವ ಒಲೆ ಮೇಸ್ತ್ರಿ. ಅವನ ಕೈಕೆಳಗೆ ಆರು ಜನ. ಏಳೂ ಜನ ಮೂವತ್ತು ವರ್ಷದಿಂದ ಆ ಗೊನೆಗಳನ್ನು ಸುಡುವುದರಲ್ಲೇ ಇದ್ದರು, ಬೇರೆ ಕೆಲಸ ಕಲಿಯಲು ಗೊನೆಗಳು ಬಿಡುವು ಕೊಟ್ಟಿರಲಿಲ್ಲ.

ಸುಡುವುದರಲ್ಲಿ ಏನಿದೆ ಮಹಾ ಎನ್ನಬಹುದು. ಬೆಂದ ಗೊನೆ ಒದ್ದೆಮುದ್ದೆ. ಸುಮ್ಮನೆ ಒಲೆಗೆ ತುಂಬಿದರೆ ಮೂರು ದಿನ ಹೊಗೆಯಾಡಿ ಕ್ವಾರ್ಟರ್ಸಿನ ಎಲ್ಲರ ಬಟ್ಟೆಯ ಬಣ್ಣ ಒಂದು ಮಾಡುತ್ತದೆ. ಮಾವ ಪ್ರತಿ ರಾಶಿಯ ಮುಂದೆ ನಿಂತು ಗೊನೆಯ ಬುಡಕ್ಕೆ ಹೆಬ್ಬೆರಳು ಒತ್ತುತ್ತಿದ್ದ. ಬೆರಳ ತುದಿಯಲ್ಲಿ ಎಣ್ಣೆ ಮಿಂಚಿದರೆ, “ಇದು ಒಳ್ಳೇದು.” ಮಿಂಚದಿದ್ದರೆ, “ಇದು ಸತ್ತದ್ದು.” ಒಳ್ಳೆಯದು ಕೆಳಗೆ, ಸತ್ತದ್ದು ಮೇಲೆ. ಒಳ್ಳೆಯದು ಹೊತ್ತಿಕೊಂಡು ಸತ್ತದ್ದನ್ನು ಒಣಗಿಸಿ ತನ್ನ ಜೊತೆ ಕರೆದೊಯ್ಯುತ್ತಿತ್ತು. ನನ್ನ ಗಾಜಿನ ಕೊಳವೆಗಳು ನಾಲ್ಕು ಗಂಟೆ ಕುದಿದು ಹೇಳುವುದನ್ನು ಆ ಹೆಬ್ಬೆರಳು ಒಂದು ಕ್ಷಣದಲ್ಲಿ ಹೇಳುತ್ತಿತ್ತು, ಅದೂ ದಶಾಂಶ ಬಿಂದುವಿನ ಗೊಡವೆಯಿಲ್ಲದೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಈಗಲೂ ಎಲ್ಲಾದರೂ ಒದ್ದೆ ಕಟ್ಟಿಗೆ ಸುಡುವ ವಾಸನೆ ಬಂದರೆ ನನಗೆ ಆ ಬೆಳಗುಗಳು ನೆನಪಾಗುತ್ತವೆ. ಕ್ವಾರ್ಟರ್ಸಿನ ಸಾಲುಮನೆಗಳು, ತಂತಿಯ ಮೇಲೆ ಒಣಗುವ ಅಂಗಿಗಳು, ಚಿಮಣಿಯ ಕಡೆ ನೋಡಿ ಗಾಳಿ ಯಾವ ಕಡೆಗಿದೆ ಎಂದು ಹೇಳಿ ಆಮೇಲೆ ಬಟ್ಟೆ ಹರವುತ್ತಿದ್ದ ಅತ್ತೆ, ಮಾವನ ಹೆಂಡತಿ. ಹವಾಮಾನ ವರದಿಗಿಂತ ಅವಳ ಮಾತಿಗೆ ಬೆಲೆಯಿತ್ತು. ಅವಳು ಕೈಯಲ್ಲಿ ಅಂಗಿ ಹಿಡಿದು ನಿಂತಿದ್ದರೆ ಇಡೀ ಸಾಲಿನ ಹೆಂಗಸರು ಬಕೆಟ್ ಹಿಡಿದು ಕಾಯುತ್ತಿದ್ದರು.

ಹೀಗಿರುವಾಗ ಕಾಗದ ಬಂತು. ಹೊಗೆಯ ಮೇಲೆ ಕಣ್ಣಿಟ್ಟ ಇಲಾಖೆಯ ಕಾಗದ. ಇಂಥ ಒಲೆಗಳನ್ನು ಮೂರು ತಿಂಗಳೊಳಗೆ ಆರಿಸತಕ್ಕದ್ದು, ಆಮೇಲೆ ಅವುಗಳಲ್ಲಿ ಹೊಗೆ ಕಂಡರೆ ಗಿರಣಿಗೇ ಬೀಗ. ಮ್ಯಾನೇಜರ್ ಏಳು ಜನರನ್ನೂ ಕರೆಸಿದರು. ಅವರು ಕೆಟ್ಟವರಲ್ಲ. ಕೆಟ್ಟ ಸುದ್ದಿ ಹೇಳುವ ಮುಂಚೆ ಎಲ್ಲರಿಗೂ ಚಹಾ ತರಿಸುವಷ್ಟು ಒಳ್ಳೆಯವರು. ಅದಕ್ಕೇ ಅವರ ಕೋಣೆಗೆ ಚಹಾ ಹೋಗುವುದನ್ನು ಕಂಡರೆ ನಾವೆಲ್ಲ ಕಪ್ಪುಗಳನ್ನು ಎಣಿಸುತ್ತಿದ್ದೆವು.

“ನೋಡ್ರೀ ಮೇಸ್ತ್ರಿ,” ಎಂದರು, “ಒಲೆ ಇಲ್ಲ ಅಂದ್ರೆ ಒಲೆ ವಿಭಾಗ ಇಲ್ಲ. ವಿಭಾಗ ಇಲ್ಲ ಅಂದ್ರೆ ಏಳು ಜನಕ್ಕೆ ಕೆಲಸ ಇಲ್ಲ. ಕೆಲಸ ಇಲ್ಲದವರಿಗೆ ಕ್ವಾರ್ಟರ್ಸ್ ಇಲ್ಲ. ಇದು ನಾನು ಮಾಡಿದ ನಿಯಮ ಅಲ್ಲ.”

“ಗೊನೆ ಬರೋದು ನಿಲ್ಲುತ್ತಾ ಸಾರ್?” ಎಂದ ಮಾವ.

“ಅದು ಹೇಗ್ರೀ ನಿಲ್ಲುತ್ತೆ?”

“ಮತ್ತೆ ಅದನ್ನ ಎಲ್ಲಿ ಹಾಕ್ತೀರಿ? ನಿಮ್ಮ ಕೋಣೇಲಾ?”

ಮ್ಯಾನೇಜರ್ ಚಹಾ ಕುಡಿದರು. ಕಪ್ಪು ಕೆಳಗಿಟ್ಟು ಹೇಳಿದರು: “ಅದನ್ನ ತಗೊಳ್ಳೋರನ್ನ ಯಾರನ್ನಾದ್ರೂ ಹುಡುಕಿ. ಸುಡದೆ ಏನಾದ್ರೂ ಉಪಯೋಗಕ್ಕೆ ಬರೋ ಹಾಗೆ ಮಾಡಿ. ಮಾಡಿದ್ರೆ ಆ ಅಂಗಳ ನಿಮ್ದೇ, ಮೇಸ್ತ್ರಿ ನೀವೇ, ಏಳು ಜನಾನೂ ಇರ್ತೀರಿ. ಮಾತು ಕೊಟ್ಟಿದ್ದೀನಿ.”

ಮಾವ ನೇರ ನನ್ನ ಫ್ಯಾನಿನ ಕೆಳಗೆ ಬಂದು ಕೂತ. “ಪರೀಕ್ಷೆಯಮ್ಮ, ನಿನ್ನ ಪುಸ್ತಕದಲ್ಲಿ ಬೋಳುಗೊನೆ ಬಗ್ಗೆ ಏನಾದ್ರೂ ಬರೆದಿದ್ದಾರಾ?”

ಬರೆದಿದ್ದರು. ಪುಸ್ತಕ ಬರೆಯುವವರು ಯಾವುದನ್ನೂ ಬಿಡುವುದಿಲ್ಲ. ಗೊನೆಯನ್ನು ಜಜ್ಜಿ ಬಿಡಿಸಿದರೆ ಉದ್ದನೆಯ, ಗಟ್ಟಿಯಾದ, ಪುಟಿಯುವ ನಾರು ಸಿಗುತ್ತದೆಂದೂ, ಹಾಸಿಗೆಗೆ, ವಾಹನದ ಸೀಟಿಗೆ, ಒತ್ತಿ ಮಾಡುವ ಹಲಗೆಗೆ ಅದು ಒದಗುತ್ತದೆಂದೂ ಅದರಲ್ಲಿತ್ತು. ಎಷ್ಟು ತೊಳೆಯಬೇಕು, ಹೇಗೆ ತೊಳೆಯಬೇಕು ಎಂಬುದು ಮುಂದಿನ ಪುಟದಲ್ಲಿ ಇದ್ದಿರಬೇಕು. ಆ ಪುಟವನ್ನು ನನಗಿಂತ ಮುಂಚೆ ಅಲ್ಲಿ ಕೆಲಸಕ್ಕಿದ್ದವರು ಯಾರೋ ಹರಿದು ಕೊಳವೆಯ ಬಾಯಿಗೆ ಮುಚ್ಚಳ ಮಾಡಿದ್ದರು.

ಒಂದು ಹಾಸಿಗೆ ಕಾರ್ಖಾನೆಗೆ ಕಾಗದ ಬರೆದೆವು. ತಮ್ಮ ಖರೀದಿ ಅಧಿಕಾರಿ ಬಂದು ಮೂರು ಮೂಟೆ ಮಾದರಿ ನೋಡುತ್ತಾರೆ, ಇಂಥ ದಿನ, ಎಂದು ಉತ್ತರ ಬಂತು. ನಾರು ಬಿಡಿಸುವ ಹಳೆಯ ಯಂತ್ರವೊಂದನ್ನು ಬಾಡಿಗೆಗೆ ತಂದರು. ಮಾವನ ಆರು ಜನ ಅದಕ್ಕೆ ಗೊನೆ ತಿನ್ನಿಸಲು ಕಲಿತರು. ಆ ಯಂತ್ರದ ಸದ್ದು ಕೆಮ್ಮಿದಂತಿತ್ತು, ಹಾಗಾಗಿ ಎರಡೇ ದಿನದಲ್ಲಿ ಅದಕ್ಕೆ ‘ಅಜ್ಜ’ ಎಂದು ಹೆಸರಾಯಿತು. “ಅಜ್ಜನಿಗೆ ಊಟ ಹಾಕಿದ್ರಾ?” ಎಂದು ಕೇಳಿಯೇ ಪಾಳಿ ಬದಲಾಗುತ್ತಿತ್ತು.

ಹೊಂಬಣ್ಣದ ನಾರು ಬಂತು. ಅದನ್ನು ನೋಡಿ ಮ್ಯಾನೇಜರರಿಗೆ ಉತ್ಸಾಹ ಬಂದು, “ಬೇರೆಯವರು ಕೂರೋ ಮುಂಚೆ ನಾನು ಕೂತು ನೋಡ್ತೀನಿ, ನನ್ನ ಕುರ್ಚಿಗೆ ಒಂದು ಮೆತ್ತೆ ಮಾಡಿ,” ಎಂದರು. ಮಾವ ತಾನೇ ರಾಶಿಗೆ ಇಳಿದು, ಒಂದೊಂದು ಗೊನೆಯನ್ನೂ ತಾನೇ ಆರಿಸಿ, ಮೆತ್ತೆಗೂ ಮಾದರಿಯ ಮೂರು ಮೂಟೆಗೂ ನಾರು ಮಾಡಿಸಿದ. ಎರಡು ದಿನ ಬಿಸಿಲಿಗೆ ಹಾಕಿದ. ಅತ್ತೆ ಮೆತ್ತೆಗೆ ಹೊಲಿಗೆ ಹಾಕಿದಳು. ಸೋಮವಾರ ಮ್ಯಾನೇಜರ್ ಅದರ ಮೇಲೆ ಕೂತರು, ಮಂಗಳವಾರವೂ ಕೂತರು, ಬುಧವಾರ ಎದ್ದರು. ಆ ಬುಧವಾರವೇ ನಾನು ಮೊದಲಿಗೆ ಹೇಳಿದ ಬುಧವಾರ.

ಅವರಿಗೆ ಯಾರು ಹೇಳಬೇಕು ಎಂಬ ಚರ್ಚೆ ಊಟದ ಕೋಣೆಯಲ್ಲಿ ಗಂಭೀರವಾಗಿ ನಡೆಯಿತು. ಹಿರಿಯರೇ ಹೇಳಬೇಕು ಎಂದರು ಕಿರಿಯರು. ಓದಿದವರೇ ಹೇಳಬೇಕು ಎಂದರು ಹಿರಿಯರು. ಕೊನೆಗೆ ಅವರ ಹೆಂಡತಿಯೇ ಹೇಳಿದ್ದು, ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ. ಅದು ಮೂರು ಮನೆಯಾಚೆಗೆ ಕೇಳಿಸಿತು.

ಅಷ್ಟೇ ಆಗಿದ್ದರೆ ನಕ್ಕು ಮರೆಯುತ್ತಿದ್ದೆವು. ಮೂರು ಗಂಟೆಗೆ ಮಾವ ನನ್ನ ಕಿಟಕಿಯ ಹತ್ತಿರ ಬಂದ. ಪರೀಕ್ಷೆಯಮ್ಮ ಎನ್ನಲಿಲ್ಲ. “ಸ್ವಲ್ಪ ಬಾ,” ಎಂದ. ಶೆಡ್ಡಿನಲ್ಲಿ ಮಾದರಿಯ ಮೂರು ಮೂಟೆಗಳಿದ್ದವು. ಒಂದರೊಳಗೆ ನನ್ನ ಕೈ ಹಿಡಿದು ಮೊಣಕೈವರೆಗೆ ತೂರಿಸಿದ. ಒಳಗೆ ಬಿಸಿ, ಜ್ವರ ಬಂದವರ ಕಂಕುಳಿನ ಬಿಸಿ.

“ಯಾರೂ ಬೆಂಕಿ ಹಾಕಿಲ್ಲ,” ಎಂದ. “ತಾನೇ ಕಾಯ್ತಿದೆ.”

ನಾನು ಕೈ ಹೊರಗೆ ಎಳೆದಾಗ ಆ ತೂತಿನಿಂದ ಎಳೆಯಾಗಿ ಹೊಗೆ ಬಂತು. ಎಣ್ಣೆ ಹಿಡಿದ ನಾರನ್ನು ಒತ್ತಿ ಕಟ್ಟಿದರೆ ಗಾಳಿಯೊಡನೆ ಸೇರಿ ಒಳಗೊಳಗೇ ಕಾದು ಹೊತ್ತಿಕೊಳ್ಳುತ್ತದೆಂದು ನಾನು ಓದಿದ್ದೆ. ಪರೀಕ್ಷೆಗೆ ಬರಲಿಲ್ಲವೆಂದು ಮರೆತಿದ್ದೆ. ಮಾವ ಮೂಟೆಗಳನ್ನು ಅಂಗಳಕ್ಕೆ ಎಳೆದು, ಬಿಚ್ಚಿ ಹರಡಿ, ನೀರು ಹೊಯ್ದ. ಮೂವತ್ತು ವರ್ಷ ಹೊತ್ತಿಸಿದ ಕೈ, ಆರಿಸಿದ್ದು ಅದೇ ಮೊದಲು. ಅವನ ಆರು ಜನ ಸುತ್ತ ನಿಂತು ನೋಡುತ್ತಿದ್ದರು, ಯಾರೂ ತಮಾಷೆ ಮಾಡಲಿಲ್ಲ. ಹಾಸಿಗೆಯವರು ಬರಲು ಹನ್ನೆರಡು ದಿನ ಉಳಿದಿತ್ತು.

ಆ ನಾರಿನ ಒಂದು ಹಿಡಿಯನ್ನು ತಂದು ಪರೀಕ್ಷೆ ಮಾಡಿದೆ. ಬಂದ ಅಂಕಿಯನ್ನು ನಂಬದೆ ಇನ್ನೊಮ್ಮೆ ಮಾಡಿದೆ. ಬೋಳುಗೊನೆಯಲ್ಲಿ ಅಷ್ಟು ಎಣ್ಣೆ ಇರುವುದು ಅಪರೂಪ.

“ಮಾವ, ಈ ಗೊನೆಗಳನ್ನ ಹೇಗೆ ಆರಿಸಿದೆ?”

“ಹೇಗೆ ಅಂದ್ರೆ? ಒಳ್ಳೇದನ್ನೇ ಆರಿಸಿದೆ. ಕಳಪೆ ಕೊಡೋಕಾಗುತ್ತಾ? ಒಂದೊಂದನ್ನೂ ಒತ್ತಿ ನೋಡಿದ್ದೀನಿ.” ಹೆಬ್ಬೆರಳು ಎತ್ತಿ ತೋರಿಸಿದ.

ಅವನು ತನ್ನ ಬೆರಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಬೆರಳನ್ನು ನೋಡಿದ. ನಿಧಾನವಾಗಿ ಬೆಂಚಿನ ಮೇಲೆ ಕೂತ.

“ಒಲೆಗೆ ಆರಿಸಿಬಿಟ್ಟೆ ಅಲ್ವೇನೇ,” ಎಂದ.

“ಹೂಂ ಮಾವ.”

“ಹಾಸಿಗೆಗೆ ಸತ್ತದ್ದೇ ಒಳ್ಳೇದು.”

“ಹೂಂ.”

“ಮೂವತ್ತು ವರ್ಷ ಕಲಿತದ್ದು ಹೀಗೆ ಕೈಕೊಡ್ತು ನೋಡು. ಆರು ಜನ ನನ್ನ ಮುಖ ನೋಡ್ಕೊಂಡು ಕೂತಿದ್ದಾರೆ. ಅವರಿಗೆ ಏನು ಹೇಳ್ಲಿ, ಬೆರಳು ಸುಳ್ಳು ಹೇಳ್ತು ಅಂತಲಾ?”

ಸತ್ತ ಗೊನೆಗಳನ್ನೇ ಆರಿಸಿ ಮತ್ತೆ ನಾರು ಮಾಡಿಸಿದೆವು. ಎಣ್ಣೆ ಅರ್ಧಕ್ಕೆ ಇಳಿಯಿತು, ಆದರೆ ಸಾಲದು. ಬರಿಯ ನೀರಿನಲ್ಲಿ ತೊಳೆದರೆ ನೀರು ಜಾರಿ ಹೋಗುತ್ತಿತ್ತು. ಬಿಸಿನೀರಿಗೂ ಎಣ್ಣೆ ಜಗ್ಗಲಿಲ್ಲ. ಮನೆಯಲ್ಲಿ ಮಾವ ತಟ್ಟೆಯ ಮುಂದೆ ಕೂತು ಉಣ್ಣದೆ ಏಳುವುದು ಶುರುವಾಯಿತು. ಐದನೆಯ ದಿನ ಭಾನುವಾರ, ನಾನೂ ಅಲ್ಲೇ ಊಟಕ್ಕಿದ್ದೆ. ಅತ್ತೆ ಬಚ್ಚಲ ಕಡೆಯಿಂದ ಒದ್ದೆ ಅಂಗಿಯೊಂದನ್ನು ಹಿಡಿದು ಬಂದು ಅವನ ಮುಂದೆ ನಿಂತಳು.

“ರೀ, ಇದು ಏನು?”

“ನನ್ನ ಅಂಗಿ.”

“ದಿನಾ ಇದರ ತುಂಬ ಎಣ್ಣೆ ಮೆತ್ಕೊಂಡು ಬರ್ತೀರಿ. ಮೂವತ್ತು ವರ್ಷ ಆಯ್ತು. ಯಾವತ್ತಾದ್ರೂ ಕಪಾಟಿನಲ್ಲಿ ಹೊತ್ಕೊಂಡಿದೆಯಾ?”

ಮಾವ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಯಾಕೆ ಹೊತ್ಕೊಂಡಿಲ್ಲ ಅಂತ ಒಂದು ದಿನ ಕೇಳಿದ್ದೀರಾ? ಅದೂ ಇಲ್ಲ. ಅಂಗಿ ತಾನಾಗೇ ಬೆಳ್ಳಗಾಗಿ ಮೊಳೆಗೆ ಹೋಗಿ ನೇತಾಡುತ್ತೆ ಅಂದ್ಕೊಂಡಿದ್ದೀರಿ.”

ನಾನು ನಕ್ಕುಬಿಟ್ಟೆ. “ನೀನು ನಗಬೇಡ, ನೀನೇನು ಕಮ್ಮಿ ಇಲ್ಲ,” ಎಂದಳು ನನಗೆ. “ಇಷ್ಟು ಗಾಜು ಇಟ್ಕೊಂಡಿದ್ದೀಯ, ನಿನ್ನ ಅತ್ತೆ ಯಾತರಲ್ಲಿ ಬಟ್ಟೆ ಒಗೀತಾಳೆ ಅಂತ ಗೊತ್ತಾ ನಿಂಗೆ?”

ಗೊತ್ತಿತ್ತು, ಗೊತ್ತಿದ್ದೂ ಹೊಳೆದಿರಲಿಲ್ಲ. ಬೂದಿನೀರು. ಬೋಳುಗೊನೆಯ ಬೂದಿಯನ್ನು ಅವಳು ಮಾವನ ಒಲೆಯಿಂದಲೇ ಬಕೆಟ್‌ನಲ್ಲಿ ತರುತ್ತಿದ್ದಳು. ತೂತು ಡಬ್ಬಿಯಲ್ಲಿ ತುಂಬಿ, ಮೇಲಿಂದ ನೀರು ಬಿಟ್ಟು, ಕೆಳಗೆ ತೊಟ್ಟಿಕ್ಕುವ ಚಹಾಬಣ್ಣದ ನೀರನ್ನು ಹಿಡಿಯುತ್ತಿದ್ದಳು. ಆ ಬೂದಿ ತುಂಬ ಕ್ಷಾರ. ಆ ನೀರು ಎಣ್ಣೆಗೆ ತಾಗಿದರೆ ಎಣ್ಣೆಯೇ ಸಾಬೂನಾಗಿ ಕರಗಿ ಹೊರಡುತ್ತದೆ. ಇದನ್ನು ನಾನು ಸಮೀಕರಣದ ರೂಪದಲ್ಲಿ ಬರೆದು ಎಪ್ಪತ್ತೆಂಟು ಅಂಕ ತೆಗೆದಿದ್ದೆ. ಅತ್ತೆ ಬರೆಯದೆ ಅಂಗಿ ಒಗೆದಿದ್ದಳು.

ಮರುದಿನ ಅವಳು ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಬಂದಳು. ಆರು ಜನರಲ್ಲಿ ಇಬ್ಬರು ಅವಳಿಗೆ ಜಾಗ ಬಿಟ್ಟು ನಿಂತರು, ನಾಲ್ವರು ಮಾವನ ಮುಖ ನೋಡಿದರು. “ನನ್ನ ಮುಖದಲ್ಲಿ ಏನಿದೆ? ಅವಳು ಹೇಳಿದ ಹಾಗೆ ಮಾಡ್ರೋ,” ಎಂದ ಮಾವ. ಅವರು ಮಾಡಿದರು. ನಾಲ್ಕು ಪೀಪಾಯಿಗೆ ತಳದಲ್ಲಿ ತೂತು ಹೊಡೆದು, ಗೋಣಿ ಹಾಸಿ, ಬೂದಿ ತುಂಬಿ, ನೀರು ಬಿಟ್ಟರು. ಇಳಿದ ನೀರಿಗೆ ಅತ್ತೆ ಒಂದು ಕೋಳಿಮೊಟ್ಟೆ ಹಾಕಿದಳು. ಮುಳುಗಿದರೆ ನೀರು ತೆಳು, ನಾಣ್ಯದಗಲ ತಲೆ ಹೊರಗೆ ಹಾಕಿ ತೇಲಿದರೆ ಸರಿ. ನಾನು ಪಕ್ಕದಲ್ಲಿ ಕ್ಷಾರ ಅಳೆಯುವ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡುತ್ತಿದ್ದೆ. ಮೊಟ್ಟೆಯೂ ಪಟ್ಟಿಯೂ ಒಮ್ಮೆಯೂ ಜಗಳವಾಡಲಿಲ್ಲ. ಎರಡರಲ್ಲಿ ಯಾವುದನ್ನು ನಂಬಬೇಕು ಎಂದು ಆರು ಜನ ಆಗಲೇ ತೀರ್ಮಾನಿಸಿಯಾಗಿತ್ತು, ಅವರು ಮೊಟ್ಟೆಯ ಕಡೆ.

ಹಬೆಯಲ್ಲಿ ಬಿಸಿ ಮಾಡಿದ ಬೂದಿನೀರಿನಲ್ಲಿ ನಾರು ನೆನೆಸಿದಾಗ ತೊಟ್ಟಿಯ ಮೇಲೆ ಕಂದು ನೊರೆ ಎದ್ದಿತು. ಅದನ್ನು ತೆಗೆದು, ಮೂರು ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹರಡಿದರು. ಜಾಲಿಸಿದ ನೀರು ಎಲ್ಲಿಗೆ ಎಂಬ ಪ್ರಶ್ನೆ ಬಂದಾಗ ನನ್ನ ಓದು ಕೊನೆಗೂ ಒಂದು ಕೆಲಸಕ್ಕೆ ಬಂತು. ಗಿರಣಿಯ ಕೊಚ್ಚೆಕೊಳ ಹುಳಿ. ಅದರ ಹುಳಿ ಮುರಿಯಲು ಪ್ರತಿ ವಾರ ಸುಣ್ಣ ಸುರಿಯುತ್ತಿದ್ದೆವು. ಈ ನೀರು ಕ್ಷಾರ. ಅಳೆದು ಬಿಟ್ಟೆವು, ಸುಣ್ಣದ ಚೀಲಗಳು ಮೂಲೆಯಲ್ಲಿ ಉಳಿದವು. ಒಣಗಿದ ನಾರನ್ನು ಪರೀಕ್ಷೆ ಮಾಡಿದರೆ ನನ್ನ ಕೊಳವೆಯ ತಳದಲ್ಲಿ ಎಣ್ಣೆ ಇದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಬೇಕಾಯಿತು.

ಆ ಒಂದು ವಾರ ಅಂಗಳದಲ್ಲಿ ಖುಷಿಯಾಗಿದ್ದ ಹಾಗೆ ನಾನು ಆಮೇಲೆ ಯಾವ ಕೆಲಸದ ಜಾಗದಲ್ಲೂ ಇರಲಿಲ್ಲ. ಬಿಸಿಲಲ್ಲಿ ಹೊಂಬಣ್ಣದ ನಾರು, ಸಾಬೂನಿನ ವಾಸನೆ, ಅಜ್ಜನ ಕೆಮ್ಮು, ಅತ್ತೆಯ ಗದರಿಕೆ. “ಹಿಂಡಬೇಡ್ರೋ, ಅದೇನು ನಿಮ್ಮ ಚಡ್ಡಿನಾ?” ಮೂವತ್ತು ವರ್ಷ ಒಲೆಯ ಮುಂದೆ ಮಾತಿಲ್ಲದೆ ನಿಂತವರು ತೊಟ್ಟಿಯ ಸುತ್ತ ಕೂತು ಹರಟೆ ಕಲಿತರು. ಮಾವ ಮಾತ್ರ ಆಗಾಗ ಒಲೆಯ ಕಡೆ ನಡೆದು ಹೋಗಿ, ಅದರ ಇಟ್ಟಿಗೆಯ ಮೇಲೆ ಅಂಗೈಯಿಟ್ಟು ನಿಂತು ಬರುತ್ತಿದ್ದ.

ಹಾಸಿಗೆಯವರು ಹೇಳಿದ ದಿನವೇ ಬಂದರು. ಹಾಸಿಗೆ ಕಂಪನಿಯ ಅಧಿಕಾರಿಯೆಂದರೆ ನಿದ್ದೆ ತುಂಬಿದ ದುಂಡನೆಯ ಮನುಷ್ಯನನ್ನು ನಾವು ಊಹಿಸಿದ್ದೆವು. ಬಂದವರು ಕಡ್ಡಿಯಂಥವರು, ಕಣ್ಣ ಕೆಳಗೆ ಕಪ್ಪು, ನಿದ್ದೆ ಮಾಡಿ ವರ್ಷವಾದ ಹಾಗಿತ್ತು. ನಾರನ್ನು ಮೂಸಿದರು, ಎಳೆದರು, ಮುಷ್ಟಿಯಲ್ಲಿ ಅದುಮಿ ಬಿಟ್ಟು ಪುಟಿಯುವುದನ್ನು ನೋಡಿದರು. ನಾಲ್ಕು ದಿನದ ಹಿಂದೆ ಕಟ್ಟಿಟ್ಟ ಮೂಟೆಯೊಳಗೆ ಮೊಣಕೈವರೆಗೆ ತೋಳು ತೂರಿಸಿ ಕಣ್ಣು ಮುಚ್ಚಿದರು. ತೋಳು ತೆಗೆದು, “ತಣ್ಣಗಿದೆ,” ಎಂದರು.

ಮ್ಯಾನೇಜರ್ ಮುಖ ಅರಳಿತು. “ಇವರೇ ನಮ್ಮ ಮೇಸ್ತ್ರಿ. ಅಂಗಳ ಪೂರ್ತಿ ಇವರದ್ದೇ. ಏನು ಕೇಳೋದಿದ್ರೂ ಇವರನ್ನ ಕೇಳಿ.”

ಅಧಿಕಾರಿ ಮಾವನ ಕಡೆ ತಿರುಗಿದರು. “ನಮಗೆ ಒಬ್ಬ ಮನುಷ್ಯ ಬೇಕು. ಪ್ರತಿ ಲೋಡಿಗೂ ತೊಳೆದದ್ದು ಸರಿ ಇದೆ ಅಂತ ಅವರೇ ಸಹಿ ಹಾಕ್ಬೇಕು. ಒಂದು ಮೂಟೆ ಬಿಸಿಯಾದ್ರೆ ನಮ್ಮ ಗೋಡೌನ್ ಹೋಗುತ್ತೆ. ಸಹಿ ಹಾಕೋರೇ ಈ ಅಂಗಳದ ಯಜಮಾನರು, ಒಪ್ಪಂದದಲ್ಲಿ ಹಾಗೇ ಬರೀತೀವಿ. ಹೇಳಿ, ನೀರು ಸಾಕಷ್ಟು ಗಟ್ಟಿ ಇದೆ ಅಂತ ಹೇಗೆ ತಿಳೀತೀರಿ? ಜಾಲಿಸಿದ್ದು ಸಾಕು ಅಂತ ಹೇಗೆ ತಿಳೀತೀರಿ?”

ಮೊಟ್ಟೆಯ ವಿಷಯ ಮಾವನಿಗೆ ಗೊತ್ತಿತ್ತು. ಮೂರು ಸಲ ಜಾಲಿಸುವುದೂ ಗೊತ್ತಿತ್ತು. ಅಷ್ಟು ಹೇಳಿದ್ದರೆ ಆ ಮನುಷ್ಯ ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಮ್ಯಾನೇಜರ್ ಹಿಂದಿನಿಂದ, ಹೇಳಿ ಹೇಳಿ, ಎಂದು ಕಣ್ಣಿನಲ್ಲೇ ತಳ್ಳುತ್ತಿದ್ದರು. ನಾನೂ ಮನಸ್ಸಿನಲ್ಲಿ ತಳ್ಳುತ್ತಿದ್ದೆ. ಮಾವ ತನ್ನ ಅಂಗೈ ನೋಡಿಕೊಂಡ.

“ನಂಗೆ ಗೊತ್ತಿಲ್ಲ ಸಾರ್,” ಎಂದ. “ಅರ್ಧ ಗೊತ್ತು. ಅರ್ಧ ಗೊತ್ತಿರೋನು ಒಂದ್ಸಲ ಮೂಟೆ ಕಟ್ಟಿ ನೋಡಾಗಿದೆ. ಗೊತ್ತಿರೋರನ್ನ ಕರ್ಕೊಂಡು ಬರ್ತೀನಿ, ಎರಡು ನಿಮಿಷ.”

ಅವನೇ ಕ್ವಾರ್ಟರ್ಸಿಗೆ ಹೋದ. ಬೆಳಿಗ್ಗೆ ಮ್ಯಾನೇಜರ್, ದೊಡ್ಡವರು ಬರುವಾಗ ಹೆಂಗಸರು ಅಂಗಳದಲ್ಲಿರುವುದು ಬೇಡವೆಂದು ಅತ್ತೆಯನ್ನು ಮನೆಗೆ ಕಳಿಸಿದ್ದರು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದಳು, ಮಾವ ಒಂದು ಹೆಜ್ಜೆ ಹಿಂದೆ.

“ನಾಣ್ಯದಗಲ ಮೊಟ್ಟೆ ಕಾಣ್ಬೇಕು,” ಎಂದಳು, ಯಾರು ಕೇಳಿದ್ದೆಂದೂ ನೋಡದೆ. “ಚಳಿಗಾಲದಲ್ಲಿ ಸ್ವಲ್ಪ ಜಾಸ್ತಿ ಕಾಣ್ಬೇಕು. ಜಾಲಿಸುವಾಗ ಸಲ ಎಣಿಸಬಾರದು. ನಾರನ್ನ ಎರಡು ಬೆರಳಲ್ಲಿ ಎಳೀಬೇಕು, ಬೆರಳು ಜಾರಿದ್ರೆ ಇನ್ನೂ ಇದೆ ಅಂತ. ಜಾರೋದು ನಿಂತು ಕಿರ್ ಅಂದ್ರೆ ಮುಗೀತು. ಕೆಲವು ಗೊನೆ ಎರಡಕ್ಕೇ ಕಿರ್ ಅನ್ನುತ್ತೆ, ಕೆಲವಕ್ಕೆ ಐದು ಬೇಕು.”

“ಒಲೆ ನಿಂತ ಮೇಲೆ ಬೂದಿ ಎಲ್ಲಿಂದಮ್ಮ?” ಎಂದರು ಅಧಿಕಾರಿ.

“ಹಬೆ ಮಾಡೋ ಬಾಯ್ಲರ್ ಬೂದಿ ಇದೆಯಲ್ಲ. ಅದು ಸ್ವಲ್ಪ ಬಡ ಬೂದಿ, ಎರಡು ಪಾಲು ಹಾಕ್ಬೇಕು. ಮೊನ್ನೆನೇ ನೋಡಿದ್ದೀನಿ.”

ಇದು ನನಗೂ ಹೊಸ ಸುದ್ದಿ.

ಅಧಿಕಾರಿ ಜೇಬಿನಿಂದ ಪೆನ್ನು ತೆಗೆದರು. “ಸಹಿ ಹಾಕೋಕೆ ಬರುತ್ತಾ?”

“ಬರುತ್ತೆ. ರೇಷನ್ ಕಾರ್ಡಿಗೆ ಯಾರು ಹಾಕೋದು ಅಂದ್ಕೊಂಡ್ರಿ, ಇವರಾ?”

ಮ್ಯಾನೇಜರ್ ಕೆಮ್ಮಿದರು. ಮೇಸ್ತ್ರಿ ನೀವೇ ಎಂದು ಮಾತು ಕೊಟ್ಟದ್ದು ಅವರಿಗೆ ನೆನಪಾಗಿರಬೇಕು; ಮಾವನನ್ನು ಪಕ್ಕಕ್ಕೆ ಕರೆದು, “ಏನ್ರೀ ಇದು, ಹೆಂಡತಿ ಕೈಕೆಳಗೆ ಕೆಲಸ ಮಾಡ್ತೀರಾ? ಯೋಚನೆ ಮಾಡಿ ಹೇಳಿ,” ಎಂದರು.

“ಯೋಚನೆ ಏನು ಸಾರ್,” ಎಂದ ಮಾವ, “ಮನೇಲಿ ಅನುಭವ ಇದೆ.”

ಒಲೆಯನ್ನು ಆ ತಿಂಗಳ ಕೊನೆಯ ದಿನ ಆರಿಸಿದರು. ಏಳು ಜನರಲ್ಲಿ ಯಾರೂ ಕ್ವಾರ್ಟರ್ಸ್ ಬಿಡಬೇಕಾಗಲಿಲ್ಲ. ಮೇಸ್ತ್ರಿ ಹುದ್ದೆ ಅತ್ತೆಗೆ ಹೋಯಿತು. ಮಾವ ಅವಳ ಕೈಕೆಳಗೆ ಒಂಬತ್ತು ವರ್ಷ ನಾರು ಜಾಲಿಸಿ ನಿವೃತ್ತನಾದ.